ಗಂಟೆಯ ಹಗ್ಗ ಹಿಡಿಯುವ ಕೈ

ಹೊತ್ತು ಕೇಳುವಾಗ ನಾವು ‘ಎಷ್ಟು ಗಂಟೆ?’ ಎನ್ನುತ್ತೇವೆ. ನೆರೆಯ ಮರಾಠಿಗರು ‘ಕಿತೀ ವಾಜಲೇ?’ ಎನ್ನುತ್ತಾರೆ; ಎಷ್ಟು ಬಾರಿಸಿತು ಎಂಬುದು ಅದರ ಶಬ್ದಾರ್ಥ. ಸೊಲ್ಲಾಪುರದ ಪೇಟೆಯಲ್ಲಿ ನಿಂತವರ ಕಿವಿಗೆ ಎರಡು ಪ್ರಶ್ನೆಗಳೂ ಬೀಳುತ್ತಿರುತ್ತವೆ. ಮೊಬೈಲು ನೋಡಿ ಉತ್ತರ ಹೇಳುವವನಿಗೆ ತಾನು ಗಂಟೆಯ ಮಾತನಾಡುತ್ತಿದ್ದೇನೆಂಬ ಅರಿವು ಇರುವುದಿಲ್ಲ. ಇಂಗ್ಲಿಷಿನ ‘ಕ್ಲಾಕ್’ ಎಂಬುದು ಕೂಡ ಗಂಟೆ ಎಂಬರ್ಥದ ಹಳೆಯ ಲ್ಯಾಟಿನ್ ಶಬ್ದದಿಂದ ಬಂದುದು. ಕಾಲವೆಂಬುದು ಮೊದಲು ಕಿವಿಗೆ ಬಿದ್ದಿತು, ಕಣ್ಣಿಗೆ ಕಂಡದ್ದು ಆಮೇಲೆ. ಊರಿನಲ್ಲಿ ಯಾರೋ ಒಬ್ಬರು ಎದ್ದು ಬಾರಿಸಿದರೆ ಉಳಿದವರಿಗೆಲ್ಲ ಹೊತ್ತು ತಿಳಿಯುತ್ತಿತ್ತು.

ಹೀಗೆ ಬಾರಿಸುವುದಕ್ಕೆಂದೇ ಊರೂರು ತಿರುಗುವ ಜನ ಇಂಗ್ಲೆಂಡಿನಲ್ಲಿದ್ದಾರೆ. ರಜೆಯ ದಿನ ಹತ್ತು ಹನ್ನೆರಡು ಜನ ಕೂಡಿಕೊಂಡು ಹಳ್ಳಿಗಳಿಗೆ ಹೋಗುವುದು, ಅಲ್ಲಿಯ ಚರ್ಚಿನ ಪಾದ್ರಿಯಿಂದ ಮೊದಲೇ ಅನುಮತಿ ಪಡೆದು ಗೋಪುರದ ಕಿರಿದಾದ ಮೆಟ್ಟಿಲೇರುವುದು, ಅರ್ಧ ಮುಕ್ಕಾಲು ತಾಸು ಗಂಟೆ ಬಾರಿಸಿ ಕೆಳಗಿಳಿದು ಮುಂದಿನ ಹಳ್ಳಿಯ ದಾರಿ ಹಿಡಿಯುವುದು. ನಮ್ಮಲ್ಲಿ ಭಜನಾ ಮಂಡಳಿಯವರು ಊರಿಂದೂರಿಗೆ ಹೋದಂತೆಯೇ ಇದು. ಅವರೆಲ್ಲರೂ ದೈವಭಕ್ತರೇ ಎಂದೇನೂ ಇಲ್ಲ. ಬಾರಿಸುವ ವಿದ್ಯೆಯ ಮೇಲಿನ ಪ್ರೀತಿಯೇ ಹಲವರನ್ನು ಆ ಮೆಟ್ಟಿಲೇರಿಸುತ್ತದೆ.

ನಮ್ಮ ಸೀಮೆಯಲ್ಲಿ ಅಂತಹ ಯಾತ್ರೆ ಹೊರಟವನಿಗೆ ಒಂದು ವಿಚಿತ್ರ ಎದುರಾಗುತ್ತದೆ. ಮಹಾರಾಷ್ಟ್ರದಲ್ಲಿ ಹಳೆಯ ಚರ್ಚಿನ ಗಂಟೆಯನ್ನು ಕೈಯಾರೆ ಬಾರಿಸಬೇಕೆಂದರೆ ಶಿವಾಲಯಕ್ಕೆ ಹೋಗಬೇಕು.

ನಮ್ಮ ಭೀಮಾನದಿಯ ಮೂಲವನ್ನೇ ನೋಡಿರಿ. ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿ, ಹತ್ತರಸಂಗ ಕೂಡಲದಲ್ಲಿ ಸೀನೆಯನ್ನು ಕೂಡಿಕೊಂಡು, ದಕ್ಷಿಣ ಸೊಲ್ಲಾಪುರ ಮತ್ತು ಅಕ್ಕಲಕೋಟೆ ತಾಲೂಕುಗಳ ಅಂಚಿನಲ್ಲಿ ಎರಡು ರಾಜ್ಯಗಳಿಗೆ ಗಡಿಯಾಗಿ ಹರಿಯುವ ಈ ನದಿ ಹುಟ್ಟುವುದು ಸಹ್ಯಾದ್ರಿಯ ಭೀಮಾಶಂಕರದಲ್ಲಿ. ಆ ಜ್ಯೋತಿರ್ಲಿಂಗದ ಆವರಣದಲ್ಲಿ, ಶನಿದೇವರ ಗುಡಿಯ ಮುಂದೆ, ಒಂದು ದೊಡ್ಡ ಗಂಟೆ ತೂಗಿದೆ. ಅದರ ಆಕಾರ ನಮ್ಮ ಕಂಚುಗಾರರದಲ್ಲ. ಅದು ಪೋರ್ಚುಗೀಜರ ಇಗರ್ಜಿಯ ಗಂಟೆ. ಶ್ರಾವಣದಲ್ಲಿ ನಮ್ಮ ಜಿಲ್ಲೆಯಿಂದ ಬಸ್ಸು ಮಾಡಿಕೊಂಡು ಹೋಗುವ ಎಷ್ಟೋ ಭಕ್ತರು ಅದರ ಎದುರಿಗೇ ಸಾಲಿನಲ್ಲಿ ನಿಂತು ಬಂದಿರುತ್ತಾರೆ.

ಅದು ಅಲ್ಲಿಗೆ ಬಂದ ಬಗೆ ಇತಿಹಾಸಕ್ಕೆ ಸೇರಿದ್ದು. ಮೊದಲನೆಯ ಬಾಜೀರಾಯನ ತಮ್ಮ ಚಿಮಾಜಿ ಅಪ್ಪಾ ಕೊಂಕಣದ ಪೋರ್ಚುಗೀಜರ ಮೇಲೆ 1737ರಲ್ಲಿ ದಂಡಯಾತ್ರೆ ಆರಂಭಿಸಿದ. ಎರಡು ವರ್ಷಗಳ ಹೋರಾಟದ ಕೊನೆಗೆ ವಸಯಿಯ ಕೋಟೆಗೆ ಮುತ್ತಿಗೆ ಬಿದ್ದಿತು. ಬುರುಜುಗಳ ಕೆಳಗೆ ಸುರಂಗ ತೋಡಿ ಮದ್ದು ಸಿಡಿಸಿದರು. ಎರಡೂ ಕಡೆ ಅಪಾರ ಜೀವಹಾನಿಯಾಯಿತು. 1739ರ ಮೇ 16ರಂದು ಕೋಟೆಯವರು ಶರಣಾದರು. ಆ ಕೋಟೆಯೊಳಗೆ ಹಲವು ಇಗರ್ಜಿಗಳೂ ಮಠಗಳೂ ಇದ್ದವು. ಇಂದಿಗೂ ಅವುಗಳ ಹಾಳುಗೋಡೆಗಳು ನಿಂತಿವೆ. ಗೋಪುರಗಳಿಂದ ಇಳಿಸಿದ ಗಂಟೆಗಳನ್ನು ಗೆದ್ದವರು ತಮ್ಮ ನಾಡಿಗೆ ಸಾಗಿಸಿದರು. ಘಟ್ಟವೇರಿ ಬಂದ ಆ ಗಂಟೆಗಳು ಹಲವು ಗುಡಿಗಳಲ್ಲಿ ನೆಲೆ ಕಂಡವು. ನಾಸಿಕದಲ್ಲಿ ಗೋದಾವರಿಯ ದಂಡೆಗೆ 1747ರಲ್ಲಿ ಕಟ್ಟಿದ ನಾರೋಶಂಕರನ ಗುಡಿಯ ಪ್ರಾಕಾರದಲ್ಲಿ ತೂಗುವುದು 1721ರಲ್ಲಿ ಎರಕ ಹೊಯ್ದ ಗಂಟೆ. ಹೊಳೆ ಉಕ್ಕಿ ಅದನ್ನು ಮುಟ್ಟಿದಾಗ ತಾನಾಗಿ ಬಾರಿಸುತ್ತದೆ ಎಂಬ ಮಾತು ಆ ಊರಲ್ಲಿದೆ. ನೆರೆಯ ನೀರನ್ನು ಗಂಟೆಯ ಎತ್ತರದಿಂದ ಅಳೆಯುವ ಊರು ಅದು.

ಇವುಗಳ ಪೈಕಿ ಕಣ್ಣು ತುಂಬ ನೋಡಲು ದೊರೆಯುವುದು ಮೇಣವಲಿಯ ಗಂಟೆ. ಸಾತಾರೆ ಜಿಲ್ಲೆಯ ವಾಯಿಯಿಂದ ಒಂದು ಹರದಾರಿಯಷ್ಟು ದೂರವೂ ಇಲ್ಲ. ವಾಯಿಗೆ ಹೋದವರು ಢೋಲ್ಯಾ ಗಣಪತಿಯ ದರ್ಶನ ಮಾಡಿ ಮಹಾಬಳೇಶ್ವರದ ಘಟ್ಟ ಹತ್ತಿಬಿಡುತ್ತಾರೆ. ಮೇಣವಲಿಗೆ ತಿರುಗುವವರು ಕಡಿಮೆ. ಅಲ್ಲಿ ನಾನಾ ಫಡಣವೀಸನ ವಾಡೆ ಇದೆ. ಅದರ ಹಿಂದೆ ಕೃಷ್ಣೆಗೆ ಇಳಿಯುವ ಕಲ್ಲಿನ ಘಾಟು. ‘ಸ್ವದೇಸ್’ ಎಂಬ ಹಿಂದಿ ಚಿತ್ರ ನೋಡಿದವರಿಗೆ ಆ ಮೆಟ್ಟಿಲುಗಳ ಗುರುತು ಹತ್ತುತ್ತದೆ. ಘಾಟಿನ ಮೇಲೆ ಮೇಣೇಶ್ವರನ ಗುಡಿ. ಅದರ ಮಗ್ಗುಲಿಗೆ ಗಂಟೆಗೆಂದೇ ಕಟ್ಟಿದ ಕಲ್ಲಿನ ಪುಟ್ಟ ಮಂಟಪ. ಗಂಟೆಯ ಮೈಮೇಲೆ 1707 ಎಂಬ ಇಸವಿ ಇದೆ, ಮಗುವನ್ನೆತ್ತಿಕೊಂಡ ಮರಿಯಮ್ಮನ ಉಬ್ಬುಚಿತ್ರವಿದೆ.

ನಾನು ಹೋದ ದಿನ ಘಾಟಿನಲ್ಲಿ ಇಬ್ಬರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ಬೇರೆ ಯಾರೂ ಇರಲಿಲ್ಲ. ‘ಬಾರಿಸಬಹುದೇ?’ ಎಂದು ಮರಾಠಿಯಲ್ಲಿ ಕೇಳಿದೆ. ‘ದೇವರ ಗಂಟೆ ಬಾರಿಸಲಿಕ್ಕೆ ನಮ್ಮನ್ನೇನು ಕೇಳುತ್ತೀರಿ ಅಣ್ಣಾ’ ಎಂದರು. ಗಂಟೆಯ ನಾಲಗೆಯನ್ನು ಹಿಡಿದು ಅಂಚಿಗೆ ಒಮ್ಮೆ ತಾಗಿಸಿದೆ. ಹೊಡೆದ ಕ್ಷಣದ ಸಪ್ಪಳ ಬೇಗನೆ ಅಡಗಿತು. ಅದರ ಹಿಂದಿನಿಂದ ಎದ್ದ ಗುಂಯ್ಗುಡುವಿಕೆ ಮಾತ್ರ ನೀರಿನ ಮೇಲೆ ಹೋಗಿ, ಆಚೆ ದಂಡೆಯ ಗಿಡಗಳಲ್ಲಿ ಎಲ್ಲೋ ಕರಗಿತು. ಅಂಗೈಯನ್ನು ಲೋಹದ ಮೇಲಿಟ್ಟರೆ ಅದು ಇನ್ನೂ ನಡುಗುತ್ತಿರುವುದು ತಿಳಿಯುತ್ತಿತ್ತು.

ಅಲ್ಲಿಯೇ ಒಂದು ಸಂಗತಿ ಗಮನಕ್ಕೆ ಬಂದಿತು. ಯುರೋಪಿನವರು ಗಂಟೆಯನ್ನೇ ತೂಗಾಡಿಸುತ್ತಾರೆ. ಕೆಳಗಿನಿಂದ ಹಗ್ಗ ಜಗ್ಗಿದರೆ ಮೇಲೆ ಗಂಟೆಯು ಓಲಾಡಿ ತನ್ನ ನಾಲಗೆಗೆ ತಾನೇ ತಾಗುತ್ತದೆ. ನಮ್ಮ ಗುಡಿಗಳಲ್ಲಿ ಗಂಟೆ ಅಲುಗುವುದಿಲ್ಲ, ನಾಲಗೆಯನ್ನು ನಾವೇ ಅಲುಗಿಸುತ್ತೇವೆ. ಅವರಲ್ಲಿ ಬಾರಿಸುವವನು ಗೋಪುರದ ಬುಡದಲ್ಲಿ ಮರೆಯಾಗಿ ನಿಂತು ಊರಿಗೆಲ್ಲ ಕೇಳಿಸುತ್ತಾನೆ. ನಮ್ಮಲ್ಲಿ ಭಕ್ತನು ಗಂಟೆಯ ಕೆಳಗೇ ನಿಂತು, ‘ಬಂದಿದ್ದೇನೆ’ ಎಂದು ದೇವರಿಗೊಬ್ಬನಿಗೆ ತಿಳಿಸುತ್ತಾನೆ. ಮೇಣವಲಿಯ ಗಂಟೆಗೆ ದೇವರು ಬದಲಾದುದಷ್ಟೇ ಅಲ್ಲ, ಬಾರಿಸುವ ರೀತಿಯೂ ಬದಲಾಯಿತು. ಕಡಲಿನತ್ತ ಓಲಾಡುತ್ತಿದ್ದುದು ಈಗ ಕೊಂಡಿಗೆ ಬಿಗಿದುಕೊಂಡು ನಿಶ್ಚಲವಾಗಿ ತೂಗುತ್ತಿದೆ. ಆದರೆ ಮರಿಯಮ್ಮನ ಚಿತ್ರವನ್ನು ಯಾರೂ ಉಜ್ಜಿ ಅಳಿಸಲು ಹೋಗಿಲ್ಲ.

ಇದನ್ನು ವಿಜಯದ ಕೊಳ್ಳೆ ಎನ್ನಬೇಕೋ ಸರ್ವಧರ್ಮ ಸಮನ್ವಯ ಎನ್ನಬೇಕೋ ಎಂದು ವಾದ ಹೂಡುವವರಿದ್ದಾರೆ. ಕೊಳ್ಳೆಯೆಂಬುದರಲ್ಲಿ ಸಂಶಯವಿಲ್ಲ, ಯುದ್ಧದಲ್ಲಿ ಸೋತವರು ಗಂಟೆಯನ್ನು ಉಡುಗೊರೆಯಾಗಿ ಕೊಡುವುದಿಲ್ಲ. ಆದರೂ ಮತ್ತೊಂದು ಮಾತನ್ನು ನೆನೆಯಬೇಕು. ಗಂಟೆಯ ಲೋಹ ತೋಪಿನ ಲೋಹಕ್ಕೆ ಹತ್ತಿರದ ದಾಯಾದಿ. ಜನ ಎಲ್ಲ ದೊಡ್ಡ ಗಂಟೆಗಳನ್ನೂ ‘ಪಂಚಲೋಹದ್ದು’ ಎನ್ನುತ್ತಾರೆ; ವಸ್ತುತಃ ಯುರೋಪಿನ ಗಂಟೆಯಲ್ಲಿ ನೂರಕ್ಕೆ ಎಪ್ಪತ್ತೆಂಟರ ಆಸುಪಾಸು ತಾಮ್ರ, ಉಳಿದದ್ದು ತವರ. ತವರ ಹೆಚ್ಚಿದಷ್ಟು ಲೋಹ ಗಡುಸಾಗಿ ನಾದ ನಿಲ್ಲುತ್ತದೆ, ಜೊತೆಗೆ ಒಡೆಯುವ ಭಯವೂ ಹೆಚ್ಚುತ್ತದೆ. ಒಮ್ಮೆ ಬಿರುಕು ಬಿಟ್ಟ ಗಂಟೆಯ ನಾದ ಮರಳುವುದು ಕಷ್ಟ. ಸಾಮಾನ್ಯವಾಗಿ ಅದನ್ನು ಕರಗಿಸಿ ಹೊಸದಾಗಿ ಹೊಯ್ಯುತ್ತಾರೆ. ತೋಪಿಗೆ ತವರ ಕಡಿಮೆ ಸಾಕು. ಆದ್ದರಿಂದಲೇ ಯುದ್ಧ ಬಂದಾಗಲೆಲ್ಲ ರಾಜರ ಕಣ್ಣು ಗೋಪುರಗಳ ಮೇಲೆ ಬೀಳುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಯುರೋಪಿನ ಚರ್ಚುಗಳಿಂದ ಸುಮಾರು 1,75,000 ಗಂಟೆಗಳನ್ನು ಇಳಿಸಿಕೊಂಡರು. ಅವುಗಳಲ್ಲಿ ಸುಮಾರು 1,50,000 ನಾಶವಾದವು. ಕರಗಿಸಲೆಂದು ಹ್ಯಾಂಬರ್ಗಿನ ಬಂದರಿನಲ್ಲಿ ಸಾಲಾಗಿ ಬೋರಲು ಹಾಕಿದ್ದ ಜಾಗಕ್ಕೆ ಜನ ‘ಗಂಟೆಗಳ ಮಸಣ’ ಎಂದೇ ಹೆಸರಿಟ್ಟರು. ಸ್ವಧರ್ಮದವರದೇ ಗಂಟೆಗಳು ಅವು. ಮರಾಠರ ಸೇನೆಗೂ ತೋಪಿನ ಅಗತ್ಯವಿತ್ತು. ಆದರೂ ಕೈಗೆ ಸಿಕ್ಕ ಇಷ್ಟು ಗಂಟೆಗಳು ಗಂಟೆಗಳಾಗಿಯೇ ಉಳಿದು ಬಂದಿವೆ ಎಂಬುದು ಸಣ್ಣ ಸಂಗತಿಯೆಂದು ನನಗೆ ತೋರುವುದಿಲ್ಲ.

ಗಂಟೆಗಳು ಊರು ಬದಲಿಸುವುದು ಯುದ್ಧದಿಂದಲೇ ಎಂದೇನಿಲ್ಲ. ಹಳೆಗೋವೆಯ ಸಂತ ಆಗಸ್ಟಿನ್ ಮಠ ಪಾಳುಬಿದ್ದ ಮೇಲೆ ಅದರ ಗೋಪುರದ ದೊಡ್ಡ ಗಂಟೆಯನ್ನು ಇಳಿಸಿ ಅಗ್ವಾದ ಕೋಟೆಯ ದೀಪಸ್ತಂಭದಲ್ಲಿಟ್ಟರು. ಅಲ್ಲಿಂದ 1871ರಲ್ಲಿ ಪಣಜಿಯ ಇಗರ್ಜಿಗೆ ತಂದರು. ಪಣಜಿಯ ಅಂಕುಡೊಂಕು ಬಿಳಿ ಮೆಟ್ಟಿಲುಗಳ ಮುಂದೆ ಫೋಟೋ ತೆಗೆಸಿಕೊಳ್ಳುವ ನಮ್ಮವರು ತಲೆಯೆತ್ತಿದರೆ ಆ ಗಂಟೆ ಕಾಣುತ್ತದೆ. ಹೊಸ ಗೋಪುರ ಸಿಕ್ಕಿತು, ಬಾರಿಸುವವರೂ ಸಿಕ್ಕರು. ಅದರ ಪಾಡು ನೆಟ್ಟಗಾಯಿತು.

ಲೋಹಕ್ಕೆ ಆಯುಷ್ಯ ಬಹಳ, ಬಾರಿಸುವ ವಿದ್ಯೆಗೆ ಅಷ್ಟಿಲ್ಲ. ಇದಕ್ಕೆ ನಿದರ್ಶನ ಪುಣೆಯಲ್ಲಿದೆ. ಸೊಲ್ಲಾಪುರದಿಂದ ಹುತಾತ್ಮಾ ಎಕ್ಸ್‌ಪ್ರೆಸ್ಸಿನಲ್ಲಿ ಮುಂಜಾನೆ ಹೊರಟವರು ಅಂದೇ ನೋಡಿ ಬರಬಹುದು. ಗುರುವಾರ ಪೇಟೆಯ ಇಕ್ಕಟ್ಟಿನ ಓಣಿಗಳ ನಡುವೆ ‘ಪವಿತ್ರ ನಾಮ ದೇವಾಲಯ’ ಎಂಬ ಚರ್ಚಿದೆ. ಜನ ಕರೆಯುವುದು ಪಂಚಹೌದ ಚರ್ಚ್ ಎಂದು. ಐದು ನೀರಿನ ಹೌದುಗಳಿದ್ದ ಜಾಗವಾದ್ದರಿಂದ ಆ ಹೆಸರು. 1885ರ ಕಟ್ಟಡ. ಆರಾಧನೆ ಮರಾಠಿಯಲ್ಲಿ. 1890ರ ಅಕ್ಟೋಬರಿನಲ್ಲಿ ಈ ಮಿಶನ್ನಿನವರ ಮನೆಯಲ್ಲಿ ಚಹಾ ಕುಡಿದರೆಂದು ರಾನಡೆ, ಟಿಳಕ ಮೊದಲಾದವರ ಮೇಲೆ ಪುಣೆಯ ಸನಾತನಿಗಳು ಬಹಿಷ್ಕಾರದ ಗದ್ದಲ ಎಬ್ಬಿಸಿದ್ದನ್ನು ಓದುಗರು ಬಲ್ಲರು. ಒಂದು ಬಟ್ಟಲು ಚಹಾದಿಂದ ಅಷ್ಟು ದೊಡ್ಡ ಗದ್ದಲ. ವಸಯಿಯ ಗಂಟೆ ಗರ್ಭಗುಡಿಯ ಎದುರಿಗೆ ತೂಗಿದಾಗ ಅಂಥದೊಂದು ನಡೆದುದನ್ನು ನಾನು ಓದಿಲ್ಲ.

ಆ ಚರ್ಚಿನ ಪಕ್ಕಕ್ಕೆ ಪ್ರತ್ಯೇಕವಾಗಿ ಎದ್ದ ಎತ್ತರದ ಗೋಪುರದಲ್ಲಿ ಎಂಟು ಗಂಟೆಗಳಿವೆ. ಒಂದಕ್ಕಿಂತ ಒಂದು ದೊಡ್ಡದು, ಒಂದೊಂದಕ್ಕೂ ಒಂದೊಂದು ಸ್ವರ. ಇಂಗ್ಲೆಂಡಿನ ಹಳ್ಳಿ-ಪಟ್ಟಣಗಳ 5,000ಕ್ಕೂ ಹೆಚ್ಚು ಗೋಪುರಗಳಲ್ಲಿರುವ ವ್ಯವಸ್ಥೆಯೇ ಇಲ್ಲಿಯದೂ. ಅದನ್ನು ಸ್ವಲ್ಪ ವಿವರಿಸಬೇಕು. ಪ್ರತಿ ಗಂಟೆಯನ್ನು ಒಂದು ದೊಡ್ಡ ಮರದ ಗಾಲಿಗೆ ಜೋಡಿಸಿರುತ್ತಾರೆ. ಗಾಲಿಗೆ ಸುತ್ತಿದ ಹಗ್ಗ ಕೆಳಗಿನ ಅಂತಸ್ತಿಗೆ ಇಳಿಯುತ್ತದೆ. ಮೊದಲು ಗಂಟೆಯನ್ನು ಮೆಲ್ಲನೆ ತೂಗಿ ತೂಗಿ ಬಾಯಿ ಮೇಲಾಗುವಂತೆ ನಿಲ್ಲಿಸುತ್ತಾರೆ. ಆಮೇಲೆ ಒಂದು ಜಗ್ಗಿಗೆ ಅದು ಪೂರ್ತಿ ಒಂದು ಸುತ್ತು ತಿರುಗಿ ಒಮ್ಮೆ ಬಾರಿಸಿ ಮತ್ತೆ ಬಾಯಿ ಮೇಲಾಗಿ ನಿಲ್ಲುತ್ತದೆ. ಮುಂದಿನ ಜಗ್ಗಿಗೆ ಹಿಮ್ಮುಖವಾಗಿ ತಿರುಗುತ್ತದೆ. ನೂರಾರು ಕಿಲೋ ಭಾರದ ಲೋಹ ಹೀಗೆ ಅಂಗಾತ ನಿಂತು ನಿಂತು ತಿರುಗುವಾಗ ಬೇಕಾಗುವುದು ತೋಳ್ಬಲವಲ್ಲ, ಹದ. ಎಳೆಯುವುದಕ್ಕಿಂತ ಬಿಡುವುದನ್ನು ಕಲಿಯಬೇಕು. ಹೊತ್ತು ತಪ್ಪಿ ಹಗ್ಗ ಹಿಡಿದೇ ಇದ್ದವನನ್ನು ಅದು ಮೇಲಕ್ಕೆತ್ತಿಬಿಡುತ್ತದೆ.

ಒಬ್ಬನಿಗೆ ಒಂದೇ ಗಂಟೆ. ಎಂಟು ಗಂಟೆಗೆ ಎಂಟು ಜನ. ಅವರು ರಾಗ ನುಡಿಸುವುದಿಲ್ಲ. ಅಷ್ಟು ಭಾರದ ಗಂಟೆಯನ್ನು ಬೇಕೆಂದಾಗ ಬೇಗ, ಬೇಡವೆಂದಾಗ ತಡವಾಗಿ ಬಾರಿಸಲಾಗದು. ಆದ್ದರಿಂದ ಅವರು ಬದಲಿಸುವುದು ಸರದಿಯನ್ನು ಮಾತ್ರ. ಒಂದು ಸುತ್ತಿನಲ್ಲಿ ಮೂರನೆಯವನಾಗಿದ್ದವನು ಮುಂದಿನ ಸುತ್ತಿಗೆ ನಾಲ್ಕನೆಯವನಾಗುತ್ತಾನೆ, ನಾಲ್ಕನೆಯವನು ಮೂರಕ್ಕೆ ಬರುತ್ತಾನೆ. ಒಮ್ಮೆ ಬಾರಿಸಿದ ಕ್ರಮ ಮತ್ತೆ ಬರಬಾರದೆಂಬುದು ನಿಯಮ. ಮೂರು ಗಂಟೆಗಳಿಗೆ ಆರು ಕ್ರಮ, ನಾಲ್ಕಕ್ಕೆ ಇಪ್ಪತ್ತನಾಲ್ಕು, ಎಂಟಕ್ಕೆ 40,320. ಇಷ್ಟನ್ನೂ ಒಂದೇ ಪಟ್ಟಿಗೆ ಬಾರಿಸಿದವರಿದ್ದಾರೆ. 1963ರ ಜುಲೈಯಲ್ಲಿ ಇಂಗ್ಲೆಂಡಿನ ಲಫ್‌ಬರೋ ಎಂಬಲ್ಲಿಯ ಗಂಟೆ ಎರಕದ ಕಾರ್ಖಾನೆಯ ಗೋಪುರದಲ್ಲಿ ಎಂಟು ಜನ 17 ತಾಸು 58 ನಿಮಿಷ ಹಗ್ಗ ಬಿಡದೆ, ಬದಲಿಯವರಿಲ್ಲದೆ ಬಾರಿಸಿದರು. ನಮ್ಮ ಅಖಂಡ ಭಜನೆಯಲ್ಲಾದರೂ ತಾಳ ಒಬ್ಬರಿಂದೊಬ್ಬರಿಗೆ ಹೋಗುತ್ತದೆ!

ಪುಣೆಯ ಗೋಪುರದ ಕೆಳಗೆ ನಿಂತಾಗ ನನ್ನ ತಲೆಯಲ್ಲಿ ಓಡುತ್ತಿದ್ದುದು ಈ ಎಂಟರ ಲೆಕ್ಕ. ಗಂಟೆ ತರಿಸುವುದಕ್ಕೆ ಹಣವಿದ್ದರೆ ಸಾಕು, ಹಡಗು ತರುತ್ತದೆ. ಎಂಟು ಜೊತೆ ಕೈಗಳನ್ನು ಹಡಗು ತರಲಾರದು. ತಂದರೂ ಅವು ಮುಪ್ಪಾಗುತ್ತವೆ, ವರ್ಗವಾಗಿ ಹೋಗುತ್ತವೆ. ಏಳು ಜನ ಬಂದು ಒಬ್ಬ ಬಾರದಿದ್ದರೆ ಎಂಟರ ಆಟ ಅಂದಿಗೆ ನಿಂತಂತೆ. ಈ ವಿದ್ಯೆಗೆ ಪುಸ್ತಕಗಳಿವೆ, ಆದರೆ ಪುಸ್ತಕ ಓದಿ ಹಗ್ಗ ಹಿಡಿದವನು ಅಂಗೈ ಸುಲಿದುಕೊಳ್ಳುತ್ತಾನೆ. ಪಕ್ಕದಲ್ಲಿ ನಿಂತು ‘ಈಗ ಬಿಡು’ ಎಂದು ಹೇಳಿಕೊಡುವ ಹಿರಿಯ ಬೇಕು.

ಸೊಲ್ಲಾಪುರದವರಿಗೆ ಇದು ಅರ್ಥವಾಗದ ಮಾತಲ್ಲ. ಸಂಕ್ರಾಂತಿಯ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಹೊರಡುತ್ತವಷ್ಟೆ. ಆ ಎತ್ತರದ ಕೋಲನ್ನು ನಡುವಿಗೆ ಆನಿಸಿ ನೆಟ್ಟಗೆ ಹಿಡಿದು ಜನಸಂದಣಿಯಲ್ಲಿ ನಡೆಯುವುದು ಜಾತ್ರೆಯ ದಿನ ಬಂದು ಕಲಿಯುವ ಕೆಲಸವಲ್ಲ. ವಾರಗಟ್ಟಲೆ ಮೊದಲೇ ರಾತ್ರಿ ಹೊತ್ತು ಅಭ್ಯಾಸ ನಡೆಯುತ್ತದೆ. ತಂದೆಯ ಪಕ್ಕದಲ್ಲಿ ಮಗ, ಕಾಕಾನ ಹಿಂದೆ ಅಣ್ಣನ ಮಗ. ಒಬ್ಬ ದಣಿಯುವ ಮೊದಲೇ ಇನ್ನೊಬ್ಬ ಹೆಗಲು ಕೊಡಬೇಕು. ಆ ಅಭ್ಯಾಸ ಒಂದು ತಲೆಮಾರು ನಿಂತರೆ ಧ್ವಜದ ಕೋಲುಗಳು ಗುಡಿಯ ಮೂಲೆಯಲ್ಲಿ ಉಳಿಯುತ್ತವೆ, ಜಾತ್ರೆ ಉಳಿಯುವುದಿಲ್ಲ. ಸುದೈವದಿಂದ ಅದು ನಿಂತಿಲ್ಲ.

ನಿಂತಿರುವುದು ಬೇರೆಡೆ. ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಹಳ್ಳಿಗಳ ಗುಡಿಗಳಿಗೆ ಸಂಜೆಯ ಆರತಿಗೆ ಹೋಗಿ ನೋಡಿರಿ. ಗೋಡೆಯ ಬದಿಗೆ ಉಕ್ಕಿನ ಒಂದು ಚೌಕಟ್ಟು. ಅದರಲ್ಲಿ ನಗಾರಿ, ಜಾಗಟೆ, ಗಂಟೆ. ಎಲ್ಲಕ್ಕೂ ಸೇರಿ ಒಂದು ಮೋಟಾರು. ಪೂಜಾರಿ ಗುಂಡಿ ಒತ್ತಿದರೆ ಢಣಢಣ ಎಂದು ಆರಂಭವಾಗುತ್ತದೆ. ಚೌಕಟ್ಟಿನ ಮೇಲೆ ದಾನಿಗಳ ಹೆಸರು ಬರೆಸಿರುತ್ತಾರೆ. ದಾನಿಗಳು ಬಹುಪಾಲು ಪುಣೆ ಮುಂಬಯಿಗಳಲ್ಲಿ ಕೆಲಸಕ್ಕಿರುವ ಅದೇ ಊರಿನ ಮಕ್ಕಳು. ತಾವು ಬಾರಿಸಬೇಕಾಗಿದ್ದ ಜಾಗಟೆಗೆ ಮೋಟಾರು ಕಳಿಸಿದ್ದಾರೆ. ಭಕ್ತಿಯಿಂದಲೇ ಕಳಿಸಿದ್ದಾರೆ, ಅದನ್ನು ಅಲ್ಲಗಳೆಯಲಾಗದು.

ಪೂಜಾರಿಯನ್ನು ನಾನು ದೂರುವುದಿಲ್ಲ. ಬಲಗೈಯಲ್ಲಿ ಆರತಿ, ಎಡಗೈಯಲ್ಲಿ ಕೈಗಂಟೆ. ನಗಾರಿಗೆ ಮೂರನೆಯ ಕೈ ಎಲ್ಲಿಂದ ತರಬೇಕು? ಹಿಂದೆ ಆ ಮೂರನೆಯ ಕೈಗೆ ಹುಡುಗರ ಜಗಳವೇ ನಡೆಯುತ್ತಿತ್ತು. ಇಂದು ಜಾಗಟೆ ನಿನಗೆ, ನಾಳೆ ನನಗೆ ಎಂದು ಸರದಿ ಕಟ್ಟಿಕೊಂಡು ಕತ್ತಲಾಗುವ ಮೊದಲೇ ಕಟ್ಟೆಯ ಮೇಲೆ ಕಾಯುತ್ತಿದ್ದರು. ಮಂಗಳಾರತಿಯ ಪದಗಳು ಅವರ ಬಾಯಿಗೆ ಬಂದದ್ದು ಹಾಗೆಯೇ. ಜಾಗಟೆ ಹೊಡೆಯಲು ಬಂದವರು ಪದ ಕಲಿತು ಹೋದರು. ಕನ್ನಡ ಶಾಲೆಯ ಬೇವಿನ ಗಿಡಕ್ಕೆ ಕಟ್ಟಿದ್ದ ರೈಲು ಹಳಿಯ ತುಂಡಿಗೂ ಇದೇ ಸರದಿ ಇತ್ತು. ಬಾರಿಸುವ ಹುಡುಗನಿಗೆ ಹೊತ್ತು ನೋಡಲು ಬರಬೇಕೆಂಬುದೊಂದೇ ಅರ್ಹತೆ.

ಯಂತ್ರದ ಸಪ್ಪಳ ದೊಡ್ಡದು, ಹೊಲದವರೆಗೂ ಕೇಳುತ್ತದೆ. ಆದರೆ ಅದು ನಿಂತೊಡನೆ ಎಲ್ಲವೂ ನಿಲ್ಲುತ್ತದೆ; ಮೇಣವಲಿಯಲ್ಲಿ ಅಂಗೈಗೆ ತಾಗಿದಂತಹ ನಡುಕವೇನೂ ಉಳಿಯುವುದಿಲ್ಲ. ಅದು ಬಾರಿಸುತ್ತಿರುವಾಗ ಹಾಡು ಕೇಳಿಸುವುದಿಲ್ಲವಾದ್ದರಿಂದ ಹಾಡುವವರೂ ಬಾಯಿ ಮುಚ್ಚಿ ಕೈಮುಗಿದು ನಿಲ್ಲುತ್ತಾರೆ. ಗಂಟೆ ಹೋದ ದಾರಿಯಲ್ಲೇ ಪದವೂ ಹೋಗುತ್ತಿರುವುದನ್ನು ಗುಡಿಯ ಪಂಚರು ಗಮನಿಸಿದ್ದಾರೋ ಇಲ್ಲವೋ ತಿಳಿಯದು. ಯಂತ್ರವನ್ನು ಕಿತ್ತೊಗೆಯಿರೆಂದು ನಾನು ಹೇಳಲಾರೆ. ದಾನದ ವಸ್ತು, ಮನಸ್ಸು ನೋಯುತ್ತದೆ. ಶ್ರಾವಣದ ಸೋಮವಾರಗಳಲ್ಲಿಯೂ ಅಮಾವಾಸ್ಯೆಯ ದಿನಗಳಲ್ಲಿಯೂ ಗುಂಡಿ ಒತ್ತದೆ ಜಾಗಟೆಯನ್ನು ಶಾಲೆಯ ಹುಡುಗರಿಗೆ, ಹುಡುಗಿಯರಿಗೂ, ಕೊಡಬಹುದು. ಮೊದಲ ವಾರ ತಾಳ ತಪ್ಪೀತು. ತಪ್ಪಲಿ.

ಕೆಲವು ಊರುಗಳಲ್ಲಿ ಇದು ಯಾರ ಅಪ್ಪಣೆಯೂ ಇಲ್ಲದೆ ನಡೆಯುತ್ತಿದೆ. ಬೇಸಗೆಯಲ್ಲಿ ಆರತಿಯ ಹೊತ್ತಿಗೇ ಕರೆಂಟು ಹೋಗುವುದುಂಟು. ಪೂಜಾರಿ ಒಂದೆರಡು ಸಲ ಗುಂಡಿ ಒತ್ತಿ ನೋಡುತ್ತಾನೆ. ಆಮೇಲೆ ಹೊರಗೆ ಕಟ್ಟೆಯತ್ತ ತಿರುಗಿ, ‘ಯಾರದೀರಿ ಅಲ್ಲೆ? ಬರ್ರಿ ಲಗು’ ಎಂದು ಕೂಗುತ್ತಾನೆ. ಕತ್ತಲಲ್ಲಿ ಚಪ್ಪಲಿ ಬಿಡುವ ಸಪ್ಪಳ ಕೇಳುತ್ತದೆ.